ಒಂದು ಚೀಲ ಲೆಗೊ, ಒಂಬತ್ತು ಟೈರು

ಹೋದ ಭಾನುವಾರ ದಾವಣಗೆರೆಯ ಒಂದು ಶಾಲೆಯ ಹಾಲ್‌ನಲ್ಲಿ ಮಕ್ಕಳು ಮತ್ತು ಅಪ್ಪ-ಅಮ್ಮಂದಿರ ಮುಂದೆ ಮಾತಾಡಿದ್ದೆ. ಬರೆದು ಕೊಡಿ ಅಂತ ಕೆಲವರು ಕೇಳಿದರು. ಅಲ್ಲಿ ಮೇಜಿನ ಮೇಲೆ ಲೆಗೊ, ಅಂದರೆ ಒಂದಕ್ಕೊಂದು ಸಿಕ್ಕಿಸಿ ಆಡುವ ಪ್ಲಾಸ್ಟಿಕ್ ಇಟ್ಟಿಗೆ ಇಟ್ಟುಕೊಂಡು ತೋರಿಸುತ್ತಾ ಮಾತಾಡಿದ್ದರಿಂದ, ಇಲ್ಲಿ ಕೆಲವು ಕಡೆ ನೀವೇ ಕಣ್ಣಮುಂದೆ ತಂದುಕೊಳ್ಳಬೇಕಾಗುತ್ತದೆ. ಮನೇಲಿ ಲೆಗೊ ಇದ್ದರೆ ನಾಲ್ಕು ಇಟ್ಟಿಗೆ ಪಕ್ಕದಲ್ಲಿ ಇಟ್ಟುಕೊಂಡು ಓದಿ.

ಎಲ್ಲರಿಗೂ ನಮಸ್ಕಾರ.

ಈ ಚೀಲ ನೋಡಿ. ಅಕ್ಕಿ ಚೀಲ. ಬೆಂಗಳೂರಲ್ಲಿರುವ ನಮ್ಮಣ್ಣ ಮನೆ ಬದಲಾಯಿಸುವಾಗ ಇದನ್ನು ಕೊಟ್ಟು ಕಳಿಸಿದ. ಅವನ ಮಗ ಚಿಕ್ಕವನಿದ್ದಾಗ ಆಡಿದ್ದು, ಈಗ ಹುಡುಗ ಇಂಜಿನಿಯರಿಂಗ್ ಓದುತ್ತಿದ್ದಾನೆ. ಒಳಗೆ ಮೂರು ಕೆಜಿ ಮೇಲೆ ಲೆಗೊ. ಡಬ್ಬ ಇಲ್ಲ, ಜೋಡಿಸುವುದು ಹೇಗೆ ಅಂತ ತೋರಿಸುವ ಪುಸ್ತಕ ಇಲ್ಲ, ಯಾವ ಸೆಟ್ಟಿನದ್ದು ಎಷ್ಟಿದೆ ಅಂತ ಹೇಳುವವರೂ ಇಲ್ಲ. ನಮ್ಮ ಮಗಳಿಗೆ ಒಂಬತ್ತು ವರ್ಷ. ಹಾಲ್ ತುಂಬಾ ಸುರಿದುಕೊಂಡು ಒಂದು ಹತ್ತು ನಿಮಿಷ ಸುಮ್ನೆ ನೋಡಿದಳು. ಆಮೇಲೆ ಕೇಳಿದಳು: "ಅಮ್ಮಾ, ಇದರಲ್ಲಿ ಏನೇನು ಕಟ್ಟಬಹುದು?"

ಇವತ್ತಿನ ಮಾತು ಪೂರ್ತಿ ಆ ಒಂದು ಪ್ರಶ್ನೆ ಬಗ್ಗೆ.

ನಾನು ಕೆಲಸ ಮಾಡುವುದು ಟ್ರೇಲರ್, ಕೂರಿಗೆ ಮಾಡುವ ಒಂದು ವರ್ಕ್‌ಶಾಪಿನ ಸ್ಟೋರ್ಸ್‌ನಲ್ಲಿ. ಹದಿನಾಲ್ಕು ವರ್ಷ ಆಯಿತು. ದಿನಾ ಬೆಳಿಗ್ಗೆ ನನಗೆ ಬರುವ ಪ್ರಶ್ನೆಯೂ ಇದೇ: ಮೇಡಂ, ಇರೋ ಸಾಮಾನಲ್ಲಿ ಈ ವಾರ ಎಷ್ಟು ಟ್ರೇಲರ್ ಆಗ್ತವೆ? ಅಂಗಳದ ತುಂಬಾ ತಗಡು ಬಿದ್ದಿರುತ್ತದೆ, ಕಬ್ಬಿಣದ ಆಂಗಲ್ ಇರುತ್ತದೆ, ಬಣ್ಣ ಇರುತ್ತದೆ. ಚಕ್ರಕ್ಕೆ ಬೇಕಾದ ಹಬ್ ಬೇರಿಂಗ್ ಎಂಟೇ ಇದ್ದರೆ ತಗಡು ಎಷ್ಟಿದ್ದರೂ ಲೆಕ್ಕಕ್ಕೆ ಬರುವುದಿಲ್ಲ. ಅದಕ್ಕೇ ಮಗಳು ಕೇಳಿದಾಗ ಇದು ನನ್ನ ಕೆಲಸದ ಪ್ರಶ್ನೆಯೇ ಅನ್ನಿಸಿತು, ನೆಲದ ಮೇಲೆ ಕೂತೆ.

ಮೊದಲು ಒಂದು ಆಟ ತೋರಿಸುತ್ತೇನೆ, ಯಾಕೆಂದರೆ "ಏನೇನು ಕಟ್ಟಬಹುದು" ಅನ್ನುವ ಪ್ರಶ್ನೆಗೆ ನಿಜವಾದ ಉತ್ತರ ಎಷ್ಟು ದೊಡ್ಡದು ಅಂತ ಗೊತ್ತಾಗಬೇಕು. ಇದು 2×4 ಇಟ್ಟಿಗೆ. ಮೇಲೆ ಎಂಟು ಉಬ್ಬು ಇವೆ. ನಮ್ಮನೇಲಿ ಇದಕ್ಕೆ ಗುಂಡಿ ಅಂತೀವಿ, ಅಂಗಿ ಗುಂಡಿ ಇದ್ದ ಹಾಗೆ. ಇಂಥದ್ದೇ ಇನ್ನೊಂದು ತಗೊಳ್ಳಿ, ಎರಡೂ ಒಂದೇ ಬಣ್ಣ. ಒಂದರ ಮೇಲೆ ಒಂದು ಎಷ್ಟು ಥರ ಕೂರಿಸಬಹುದು? ಹಾಲ್‌ನಲ್ಲಿ ಕೇಳಿದಾಗ ಆರು ಅಂದರು, ಎಂಟು ಅಂದರು, ಹಿಂದಿನಿಂದ ಒಬ್ಬ ಹುಡುಗ ನೂರು ಅಂದ.

ಎಣಿಸೋಣ. ಎರಡನ್ನೂ ಒಂದೇ ದಿಕ್ಕಿಗೆ ಉದ್ದುದ್ದಕ್ಕೆ ಇಡಿ. ಮೇಲಿನದ್ದನ್ನು ಎಡದಿಂದ ಬಲಕ್ಕೆ ಒಂದೊಂದೇ ಗುಂಡಿ ಸರಿಸುತ್ತಾ ಹೋದರೆ ಏಳು ಜಾಗ ಸಿಗುತ್ತವೆ, ಹಿಂದೆ ಮುಂದೆ ಸರಿಸಿದರೆ ಮೂರು. ಏಳು ಮೂರಲಿ 21. ಈಗ ಮೇಲಿನದ್ದನ್ನು ಅಡ್ಡ ತಿರುಗಿಸಿ, ಪ್ಲಸ್ ಗುರುತಿನ ಹಾಗೆ. ಈಗ ಆ ಕಡೆಗೂ ಐದು ಜಾಗ, ಈ ಕಡೆಗೂ ಐದು ಜಾಗ, ಒಟ್ಟು 25. ಎರಡೂ ಸೇರಿ 46. ಆದರೆ ಮೇಜಿನ ಈ ಕಡೆಯಿಂದ ನೋಡಿದ್ದನ್ನು ಆ ಕಡೆ ಹೋಗಿ ನೋಡಿದರೆ ಕೆಲವು ಜೋಡಿ ಒಂದೇ ಆಗಿಬಿಡುತ್ತವೆ, ಅರ್ಧ ಸುತ್ತು ತಿರುಗಿಸಿದರೆ ಒಂದು ಇನ್ನೊಂದಾಗುತ್ತದೆ. ಹಾಗೆ ತಿರುಗಿಸಿದರೂ ಬದಲಾಗದೇ ಇರುವುದು ಎರಡೇ: ಸರಿಯಾಗಿ ಮೇಲೊಂದು ಕೂತಿರುವುದು, ಸರಿಯಾಗಿ ನಡುವೆ ಅಡ್ಡ ಕೂತಿರುವುದು. ಉಳಿದ 44ರಲ್ಲಿ ಅರ್ಧ 22, ಜೊತೆಗೆ ಈ ಎರಡು. 24.

ಎರಡು ಇಟ್ಟಿಗೆಗೆ 24. ಮೂರು ಇಟ್ಟಿಗೆಗೆ 1,560. ನಾಲ್ಕಕ್ಕೆ 1,19,580. ಐದಕ್ಕೆ ಒಂದು ಕೋಟಿ ದಾಟುತ್ತದೆ. ಆರು ಇಟ್ಟಿಗೆಗೆ 91,51,03,765. ಅಂದರೆ 91 ಕೋಟಿ ಮೇಲೆ! ಲೆಗೊ ಕಂಪನಿಯವರು ತುಂಬಾ ವರ್ಷ ಹತ್ತು ಕೋಟಿ ಚಿಲ್ಲರೆ, 10,29,81,500 ಅಂತ ಹೇಳುತ್ತಿದ್ದರು. ಆ ಲೆಕ್ಕ 1974ರದ್ದು. ಅದರಲ್ಲಿ ಆರೂ ಇಟ್ಟಿಗೆಯನ್ನು ಒಂದರ ಮೇಲೊಂದು ಗೋಪುರದ ಹಾಗೆ ಕಟ್ಟುವುದನ್ನು ಮಾತ್ರ ಎಣಿಸಿದ್ದರು. ನೀವೇ ಕ್ಯಾಲ್ಕುಲೇಟರ್ ತಗೊಂಡು ನೋಡಿ: ನಾವು ಈಗ ಕಂಡುಹಿಡಿದ 46ನ್ನು ಐದು ಸಲ ಬರೆದು ಗುಣಿಸಿ ಅರ್ಧ ಮಾಡಿದರೆ ಹತ್ತಿರ ಹತ್ತಿರ ಅದೇ ಸಂಖ್ಯೆ ಬರುತ್ತದೆ. ಒಂದೇ ವರಸೆಯಲ್ಲಿ ಎರಡು, ಮೂರು ಇಟ್ಟಿಗೆ ಪಕ್ಕಪಕ್ಕ ಬರುವುದನ್ನೂ ಸೇರಿಸಿದರೆ 91 ಕೋಟಿ ಆಗುತ್ತದೆ ಅಂತ ತೋರಿಸಿದ್ದು ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಗಣಿತಜ್ಞ ಸೋರೆನ್ ಐಲರ್ಸ್. ಒಬ್ಬ ಹೈಸ್ಕೂಲ್ ಹುಡುಗ ತಾನೇ ಬೇರೆ ಪ್ರೋಗ್ರಾಂ ಬರೆದು ಅದೇ ಉತ್ತರ ತಂದ. ಈ ಮಾತು ಕೇಳಿದ ಮೇಲೆ ಹಾಲ್‌ನಲ್ಲಿದ್ದ ದೊಡ್ಡ ಮಕ್ಕಳ ಮುಖ ನೋಡಿ ನನಗೆ ಬಹಳ ಖುಷಿಯಾಯಿತು.

ಹಾಗಾದರೆ ಚೀಲದಲ್ಲಿರುವ ಎರಡು ಸಾವಿರ ಇಟ್ಟಿಗೆಗೆ ಎಷ್ಟು? ಆ ಸಂಖ್ಯೆ ತಗೊಂಡು ಏನೂ ಮಾಡಲು ಆಗುವುದಿಲ್ಲ. ಆ ಕೋಟಿ ಕೋಟಿಯಲ್ಲಿ ಹೆಚ್ಚಿನವು ನೋಡಲು ಏನೂ ಅಲ್ಲದ ಮುದ್ದೆಗಳು. ಮಗು ಕೇಳುತ್ತಿರುವುದು ಅದನ್ನಲ್ಲ. ಅವಳಿಗೆ ಮನೆ ಬೇಕು, ಗಾಡಿ ಬೇಕು, ಚಿತ್ರದುರ್ಗದ ಕೋಟೆ ಬೇಕು. ಇರುವ ಸಾಮಾನಲ್ಲಿ ಅವು ಆಗುತ್ತವಾ, ಆದರೆ ಎಷ್ಟು ದೊಡ್ಡದು, ಒಂದು ಮಾಡಿದರೆ ಇನ್ನೊಂದಕ್ಕೆ ಉಳಿಯುತ್ತಾ? ಇದು ಸ್ಟೋರ್ಸ್ ಪ್ರಶ್ನೆ. ಇದಕ್ಕೆ ಮೊದಲು ಬೇಕಾಗುವುದು ಎಣಿಕೆ.

ಎಣಿಸುವ ಮುಂಚೆ ತೊಳೆದೆವು. ಉಗುರು ಬೆಚ್ಚಗಿನ ನೀರು, ಸ್ವಲ್ಪ ಸೋಪು. ಕುದಿಯುವ ನೀರು ಬೇಡ, 40 ಡಿಗ್ರಿ ಮೇಲೆ ಹೋಗಬಾರದು, ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಮಾಳಿಗೆ ಮೇಲೆ ಹಳೇ ಬೆಡ್‌ಶೀಟ್ ಹಾಸಿ ನೆರಳಲ್ಲಿ ಒಣಗಿಸಿದೆವು. ನಮ್ಮತ್ತೆ ಮೊರ ತಂದು, ಸಣ್ಣದು ದೊಡ್ಡದು ಅಂತ ಕೇರಿ ಕೇರಿ ಬೇರೆ ಮಾಡಿಕೊಟ್ಟರು. ಜೋಳ ಕೇರಿದ ಕೈ ಅದು, ನಾನು ಒಂದು ಗಂಟೆಯಲ್ಲಿ ಮಾಡಿದ್ದನ್ನು ಅವರು ಹತ್ತು ನಿಮಿಷದಲ್ಲಿ ಮುಗಿಸಿದರು.

ಇಲ್ಲಿ ಒಂದು ಮುಖ್ಯ ವಿಷಯ. ಬಹಳ ಜನ ಬಣ್ಣದ ಪ್ರಕಾರ ಬೇರೆ ಮಾಡುತ್ತಾರೆ. ಕೆಂಪು ಒಂದು ಡಬ್ಬಿ, ಹಳದಿ ಒಂದು ಡಬ್ಬಿ. ನೋಡಲು ಚೆನ್ನಾಗಿರುತ್ತದೆ, ಆದರೆ ಕೆಲಸಕ್ಕೆ ಬರುವುದಿಲ್ಲ. ಕೆಂಪು ಡಬ್ಬಿಯಲ್ಲಿ ಒಂದು ಸಣ್ಣ 1×1 ಹುಡುಕಿ ನೋಡಿ, ಎಲ್ಲಾ ಕೆಂಪೇ ಆದ್ದರಿಂದ ಕಣ್ಣಿಗೆ ಬೀಳುವುದೇ ಇಲ್ಲ. ಅದೇ 1×1 ಎಲ್ಲಾ ಒಂದು ಡಬ್ಬಿಯಲ್ಲಿದ್ದರೆ ಕೆಂಪು ತಾನಾಗಿಯೇ ಎದ್ದು ಕಾಣುತ್ತದೆ. ಆಕಾರದ ಪ್ರಕಾರ ಬೇರೆ ಮಾಡಿ. ಬಣ್ಣವನ್ನು ಕಣ್ಣು ನೋಡಿಕೊಳ್ಳುತ್ತದೆ. ನಾವು ಖಾಲಿ ಸ್ವೀಟ್ ಬಾಕ್ಸ್ ಬಳಸಿದೆವು, ದೀಪಾವಳಿಯದ್ದು ಹದಿನೈದು ಕೂಡಿಟ್ಟಿದ್ದೆ.

ಹೆಸರು ಗೊತ್ತಿಲ್ಲದ ತುಂಡು ಸಿಕ್ಕರೆ? ತಿರುಗಿಸಿ, ಒಳಗೆ ಮೊಬೈಲ್ ಟಾರ್ಚ್ ಬಿಡಿ. ಹೆಚ್ಚಿನ ಲೆಗೊ ತುಂಡುಗಳ ಒಳಗೆ ಬಹಳ ಸಣ್ಣ ಅಂಕಿ ಅಚ್ಚಾಗಿರುತ್ತದೆ. ಕ್ಯಾಮೆರಾ ಜೂಮ್ ಮಾಡಿದರೆ ಓದಬಹುದು. 2×4 ಇಟ್ಟಿಗೆಗೆ 3001. 2×2ಕ್ಕೆ 3003. 1×2ಕ್ಕೆ 3004. ತೆಳ್ಳಗಿನ 1×2 ಪ್ಲೇಟ್‌ಗೆ 3023. ಈ ನಂಬರು ಆಕಾರದ್ದು, ಬಣ್ಣ ಯಾವುದಾದರೂ ಅದೇ ಇರುತ್ತದೆ. ಮಗಳು ಮೊದಲ ಸಲ 3001 ಓದಿದಾಗ ಓಡಿ ಬಂದು ತೋರಿಸಿದಳು. ವರ್ಕ್‌ಶಾಪಿನಲ್ಲಿ ಪ್ರತಿ ಬೋಲ್ಟಿಗೂ ನಂಬರು ಇರುತ್ತದೆ ಅಂತ ನಾನು ಅವಳಿಗೆ ಎಷ್ಟೋ ಸಲ ಹೇಳಿದ್ದೆ. ಅವತ್ತು ಅವಳ ಕೈಗೇ ಸಿಕ್ಕಿತು.

ಅಳತೆಗಳನ್ನೂ ಒಂದು ಸಲ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತವೆ. ಒಂದು ಗುಂಡಿಯಿಂದ ಪಕ್ಕದ ಗುಂಡಿಗೆ 8 ಮಿಲಿಮೀಟರ್. ಇಟ್ಟಿಗೆಯ ಎತ್ತರ 9.6. ಪ್ಲೇಟ್ ಎತ್ತರ 3.2, ಅಂದರೆ ಮೂರು ಪ್ಲೇಟ್ ಸೇರಿದರೆ ಒಂದು ಇಟ್ಟಿಗೆ. ಐದು ಪ್ಲೇಟ್ ಒಂದರ ಮೇಲೊಂದು ಇಟ್ಟರೆ 16 ಮಿಲಿಮೀಟರ್, ಸರಿಯಾಗಿ ಎರಡು ಗುಂಡಿ ಅಗಲ. ಹಾಗಾಗಿ ಗೋಡೆಯನ್ನು ಮಗ್ಗುಲಾಗಿ ಮಲಗಿಸಿದರೂ ಲೆಕ್ಕ ತಾಳೆಯಾಗುತ್ತದೆ. ಇಟ್ಟಿಗೆ ಒಂದನ್ನೊಂದು ಹಿಡಿದುಕೊಳ್ಳುವ ಈ ವಿನ್ಯಾಸಕ್ಕೆ ಡೆನ್ಮಾರ್ಕ್‌ನ ಬಿಲುಂಡ್ ಊರಿನ ಲೆಗೊ ಕಂಪನಿ 1958ರಲ್ಲಿ ಪೇಟೆಂಟ್ ಅರ್ಜಿ ಹಾಕಿತು. ಆಗಿನ ಇಟ್ಟಿಗೆಗೆ ಇವತ್ತಿನದ್ದು ಕೂರುತ್ತದೆ.

ಎಣಿಸಿದೆವು. 2,148 ತುಂಡು. ನಾಲ್ಕು ಸಂಜೆ ಹಿಡಿಯಿತು.

ಕಂಪ್ಯೂಟರ್ ಮುಂದೆ ಕೂತು ಒಂದೊಂದು ಥರದ ತುಂಡಿಗೂ ಒಂದು ಸಾಲು, ಎರಡು ಕಾಲಂ ಹಾಕಿದೆ. ಇರುವುದು ಎಷ್ಟು, ಒಂದು ಮಾದರಿಗೆ ಬೇಕಾಗುವುದು ಎಷ್ಟು. ಇರುವುದನ್ನು ಬೇಕಾದದ್ದರಿಂದ ಭಾಗಿಸಿ, ಶೇಷ ಬಿಟ್ಟುಬಿಡಿ. ಪ್ರತಿ ಸಾಲಿಗೂ ಒಂದು ಸಂಖ್ಯೆ ಬರುತ್ತದೆ. ಆ ಸಂಖ್ಯೆಗಳಲ್ಲಿ ಎಲ್ಲಕ್ಕಿಂತ ಚಿಕ್ಕದು ಯಾವುದೋ ಅದೇ ಉತ್ತರ. ದೊಡ್ಡ ಸಂಖ್ಯೆಗಳನ್ನು ನೋಡಲೇಬೇಡಿ. ಇದನ್ನು ನಮ್ಮತ್ತೆಗೆ ಹೇಳಿದಾಗ ಅವರು ಅಡುಗೆಮನೆಯಿಂದಲೇ ಅಂದರು, "ಮಂಡಕ್ಕಿ ಚೀಲಗಟ್ಲೆ ಐತಿ, ಒಗ್ಗರಣೆಗೆ ಎಣ್ಣೆ ಇಲ್ಲ ಅಂದಂಗಾತು ಬಿಡು." ನಾನು ಇಡೀ ದಿನ ಹೇಳಬೇಕೆಂದಿದ್ದು ಅಷ್ಟೇ.

ಗಾಡಿ ತಗೊಳ್ಳಿ. ನಮ್ಮ ಚೀಲದಲ್ಲಿ ಚಕ್ರದ ರಿಮ್ 14 ಇದ್ದವು. ಮಗಳು 14 ನೋಡಿ ಮೂರು ಕಾರು ಆಗುತ್ತೆ, ಎರಡು ಮಿಗುತ್ತೆ ಅಂದಳು. ರಬ್ಬರ್ ಟೈರು ಎಣಿಸಿದರೆ ಒಂಬತ್ತು. ಎರಡು ಬದಿಗೆ ಕಡ್ಡಿ ಇರುವ, ಚಕ್ರ ಸಿಕ್ಕಿಸುವ ಅಚ್ಚಿನ ಪ್ಲೇಟ್ ಐದು. ಒಂದು ಕಾರಿಗೆ ನಾಲ್ಕು ರಿಮ್, ನಾಲ್ಕು ಟೈರು, ಎರಡು ಅಚ್ಚು. ರಿಮ್ ಪ್ರಕಾರ ಮೂರು ಕಾರು, ಟೈರ್ ಪ್ರಕಾರ ಎರಡು, ಅಚ್ಚಿನ ಪ್ರಕಾರ ಎರಡು. ಅಂದರೆ ಎರಡೇ.

ಇಲ್ಲಿಗೆ ಬಿಟ್ಟರೆ ಅದು ಸ್ಟೋರ್ಸ್ ಲೆಕ್ಕ ಮಾತ್ರ. ಮಗಳು ಅಳುಮುಖ ಮಾಡಿಕೊಂಡು ಕೂತಿದ್ದಳು. ಆಗ ನಾನು ಪ್ರಶ್ನೆ ತಿರುಗಿಸಿದೆ. ಕಾರು ಎಷ್ಟಾಗುತ್ತೆ ಅನ್ನುವುದು ಬಿಡು, ಒಂಬತ್ತು ಟೈರು, ಐದು ಅಚ್ಚು ಇವೆ, ಇವು ಏನಾಗಬಹುದು? ಒಂದು ಅಚ್ಚಿಗೆ ಎರಡು ಟೈರು, ಅಂದರೆ ನಾಲ್ಕು ಜೋಡಿ, ಒಂದು ಟೈರು ಉಳಿಯುತ್ತದೆ. ನಾಲ್ಕು ಜೋಡಿ ಅಂದರೆ ಎರಡು ಕಾರು ಆಗಬಹುದು. ಎತ್ತಿನ ಗಾಡಿ ಆದರೆ ನಾಲ್ಕು ಆಗಬಹುದು, ಒಂದೊಂದಕ್ಕೆ ಒಂದೇ ಅಚ್ಚು ಸಾಕು. ಅಥವಾ ಒಂದು ಟ್ರ್ಯಾಕ್ಟರಿಗೆ ಎರಡು ಜೋಡಿ, ಅದರ ಹಿಂದೆ ಟ್ರೇಲರಿಗೆ ಒಂದು ಜೋಡಿ, ಪಕ್ಕದಲ್ಲಿ ಒಂದು ಎತ್ತಿನ ಗಾಡಿ. ಅವಳು ಒಂದು ಕ್ಷಣವೂ ಯೋಚಿಸಲಿಲ್ಲ, ಟ್ರ್ಯಾಕ್ಟರ್ ಅಂದಳು. ನಮ್ಮ ಕಡೆ ಮೆಕ್ಕೆಜೋಳದ ಕಾಲದಲ್ಲಿ ಎಪಿಎಂಸಿ ರಸ್ತೆ ಪೂರ್ತಿ ಟ್ರ್ಯಾಕ್ಟರ್ ನಿಂತಿರುತ್ತವಲ್ವಾ, ಅದನ್ನು ದಿನಾ ನೋಡುವ ಮಗು. ಟ್ರೇಲರ್ ತುಂಬಾ ಹಳದಿ 1×1 ತುಂಬಿಸಿದಳು. ಆ ಹಳದಿ ತುಂಡುಗಳು ಯಾವುದಕ್ಕೂ ಬೇಡವಾಗಿ ಬಿದ್ದಿದ್ದವು, ಮೆಕ್ಕೆಜೋಳ ಆದವು.

ಯಾವುದು ಜಾಸ್ತಿ ಇದೆಯೋ ಅದನ್ನು ನೋಡಿ ಯೋಜನೆ ಹಾಕಬೇಡಿ, ಯಾವುದು ಕಮ್ಮಿ ಇದೆಯೋ ಅಲ್ಲಿಂದ ಶುರು ಮಾಡಿ ಅಂತ ನಾನು ಮಕ್ಕಳಿಗೆ ಹೇಳುವುದು ಇದಕ್ಕೇ. ಕಮ್ಮಿ ಇರುವ ತುಂಡು ಬೇಲಿ ಹಾಕುತ್ತದೆ ನಿಜ. ಆದರೆ ಆ ಬೇಲಿಯ ಒಳಗೆ ಏನೇನಿದೆ ಅಂತ ನೋಡಲು ಹೊರಟರೆ ಕಾರು ಅಂತ ಹಟ ಹಿಡಿದಿದ್ದವರಿಗೆ ಎತ್ತಿನ ಗಾಡಿ ಕಾಣಿಸುತ್ತದೆ.

ಒಂದು ತಪ್ಪನ್ನು ನಾವೂ ಮಾಡಿದೆವು. ಟೈರು ಸಾಲದು ಅಂತ ಆನ್‌ಲೈನ್‌ನಲ್ಲಿ ಒಬ್ಬರಿಂದ ಬಳಸಿದ ಇಟ್ಟಿಗೆ ಒಂದು ಕೆಜಿ ತರಿಸಿದೆವು. ಬಂದಿದ್ದು ಬರೀ ಗೋಡೆ ಇಟ್ಟಿಗೆ, ಒಂದೂ ಟೈರಿಲ್ಲ. ಅದರಲ್ಲಿ ಅರ್ಧ ನಕಲಿ, ಹಿಡಿತವೇ ಇರಲಿಲ್ಲ, ಎತ್ತಿದರೆ ಕೈಗೆ ಕಿತ್ತು ಬರುತ್ತಿದ್ದವು. ಕೆಜಿ ಲೆಕ್ಕದಲ್ಲಿ ಕೊಂಡರೆ ಎಲ್ಲರ ಮನೆಯಲ್ಲೂ ಜಾಸ್ತಿ ಇರುವುದೇ ಬರುತ್ತದೆ. ಕಮ್ಮಿ ಇರುವುದನ್ನು ನಂಬರ್ ಹೇಳಿ ಬಿಡಿಯಾಗಿಯೇ ಕೊಳ್ಳಬೇಕು.

ಮನೆಗೆ ಬರೋಣ. ಇಲ್ಲಿ ಎಣಿಸಬೇಕಾದ್ದು ತುಂಡನ್ನಲ್ಲ, ಗುಂಡಿಯನ್ನು. ಹೊರಗಿನ ಅಳತೆ 16 ಗುಂಡಿ ಉದ್ದ, 12 ಗುಂಡಿ ಅಗಲ ಅಂತ ಇಟ್ಟುಕೊಳ್ಳಿ, ಗೋಡೆ ಒಂದು ಗುಂಡಿ ದಪ್ಪ. ಸುತ್ತ ಒಂದು ವರಸೆಗೆ 52 ಗುಂಡಿ ಬೇಕು. ಲೆಗೊ ಮನುಷ್ಯ ನಾಲ್ಕು ಸೆಂಟಿಮೀಟರ್ ಎತ್ತರ, ಹೆಚ್ಚೂಕಮ್ಮಿ ನಾಲ್ಕು ಇಟ್ಟಿಗೆ. ಅವನು ತಲೆ ಬಗ್ಗಿಸದೆ ಬರಬೇಕೆಂದರೆ ಬಾಗಿಲಿಗೆ ಐದು ವರಸೆ, ಮೇಲೆ ಒಂದು ವರಸೆ, ಒಟ್ಟು ಆರು. ಆರು ಸಲ 52 ಅಂದರೆ 312, ನಾಲ್ಕು ಗುಂಡಿ ಅಗಲದ ಬಾಗಿಲಿಗೆ 20 ಕಳೆಯಿರಿ, 292. ನಮ್ಮ ಹತ್ತಿರ 1×4 ಇಟ್ಟಿಗೆ 44, ಅಂದರೆ 176 ಗುಂಡಿ. ಉಳಿದ 116ಕ್ಕೆ 1×2 ಇಟ್ಟಿಗೆ 58 ಬೇಕು, 131 ಇದ್ದವು. ಗೋಡೆಗೆ ತೊಂದರೆಯೇ ಇಲ್ಲ.

ತೊಂದರೆ ಇದ್ದದ್ದು ಚಾವಣಿಯಲ್ಲಿ. ಲೆಗೊ ಚಿತ್ರಗಳಲ್ಲಿ ಮನೆ ಅಂದರೆ ಎರಡು ಕಡೆ ಇಳಿಜಾರು ಕೆಂಪು ಹೆಂಚಿನ ಮನೆ. ಹಿಮ ಬೀಳುವ ದೇಶದವರು ಮಾಡಿದ ಆಟಿಕೆ ಅಲ್ವಾ. 12 ಗುಂಡಿ ಅಗಲದ ಮನೆಗೆ 2×2 ಇಳಿಜಾರು ತುಂಡಿನಲ್ಲಿ ಅಂಥ ಮಾಡು ಕಟ್ಟಬೇಕೆಂದರೆ ಪ್ರತಿ ವರಸೆಗೂ ಒಂದೊಂದು ಗುಂಡಿ ಒಳಗೆ ಬರುತ್ತಾ ಐದು ವರಸೆ ಏರಬೇಕು. ಒಂದು ಬದಿಗೆ ವರಸೆಗೆ ಎಂಟು, ಎರಡು ಬದಿ, ಐದು ವರಸೆ, 80 ತುಂಡು. ತುದಿಯಲ್ಲಿ ಕೂರುವುದು ಬೇರೆ. ನಮ್ಮ ಹತ್ತಿರ 22 ಇದ್ದವು.

ಮಗಳು ಮನೆ ಚಿಕ್ಕದು ಮಾಡೋಣ ಅಂದಳು. ನಾನೂ ಹ್ಞೂಂ ಅಂದೆ. ಆಗ ನಮ್ಮತ್ತೆ ಕೇಳಿದರು, "ಇದಕ್ಯಾಕೆ ಹೆಂಚು? ಮಾಳಿಗೆ ಮನಿ ಮಾಡ್ರಿ." ಅವರ ತವರುಮನೆ ಚಳ್ಳಕೆರೆ ಕಡೆ. ಮಳೆ ಕಮ್ಮಿ ಇರುವ ಸೀಮೆ. ತೊಲೆ, ಜಂತೆ, ಮೇಲೆ ಮಣ್ಣು, ಚಪ್ಪಟೆ ಮಾಳಿಗೆ. ಬೇಸಿಗೆಯಲ್ಲಿ ಅದರ ಮೇಲೇ ಮಲಗುತ್ತಿದ್ದರಂತೆ. ನನಗೆ ಮೈ ಜುಂ ಅಂದಿತು. ಇಳಿಜಾರು ತುಂಡು ಸಾಲದು ಅಂತ ಮನೆಯನ್ನೇ ಚಿಕ್ಕದು ಮಾಡಲು ಹೊರಟಿದ್ದೆವು. ನಮ್ಮ ಸೀಮೆಯ ಮನೆಗೆ ಆ ತುಂಡೇ ಬೇಡ.

ಮಾಳಿಗೆಗೆ 16 ಸಲ 12, 192 ಗುಂಡಿ ಮುಚ್ಚಬೇಕು. 2×4 ಪ್ಲೇಟ್ ಒಂದಕ್ಕೆ ಎಂಟು, ಹಾಗಾಗಿ 24 ಬೇಕು. ನಮ್ಮಲ್ಲಿ 37 ಇದ್ದವು. ಆದರೆ ಒಂದೇ ಪದರ ಹಾಸಿದರೆ ನಡುವೆ ಕುಸಿಯುತ್ತದೆ, ಪಕ್ಕದ ಪ್ಲೇಟಿಗೂ ಅದಕ್ಕೂ ಹಿಡಿತವೇ ಇರುವುದಿಲ್ಲ. ಉಳಿದ 13ನ್ನು ಜಾಯಿಂಟುಗಳ ಮೇಲೆ ಅಡ್ಡಡ್ಡ ಹಾಕಿದಳು, ಒಳಗೆ ಎರಡು ಕಂಬ ಕೊಟ್ಟಳು. ನಿಂತಿತು. ಒಂದು ಪ್ಲೇಟೂ ಉಳಿಯಲಿಲ್ಲ.

ಈ ಜಾಯಿಂಟಿನ ವಿಷಯ ಸ್ವಲ್ಪ ಹೇಳಬೇಕು. ಲೆಕ್ಕದ ಹಾಳೆಯಲ್ಲಿ ಒಂದು 2×4ಕ್ಕೆ ಬದಲು ಎರಡು 2×2 ಹಾಕಿದರೆ ಸಮ. ಗುಂಡಿ ಎಂಟೇ. ಗೋಡೆಯಲ್ಲಿ ಸಮ ಅಲ್ಲ. ನಡುವೆ ಒಂದು ಸೀಳು ಬರುತ್ತದೆ, ಮೇಲಿನ ವರಸೆಯಲ್ಲೂ ಅದೇ ಜಾಗದಲ್ಲಿ ಸೀಳು ಬಂದರೆ ಗೋಡೆ ಬ್ರೆಡ್ಡಿನ ಹಾಗೆ ಬಿಚ್ಚಿಕೊಳ್ಳುತ್ತದೆ. ಮನೆ ಕಟ್ಟುವ ಮೇಸ್ತ್ರಿಗಳನ್ನು ಕೇಳಿ, ಜಾಯಿಂಟ್ ಮೇಲೆ ಜಾಯಿಂಟ್ ಬರಬಾರದು ಅಂತಾರೆ. ಚಿತ್ರದುರ್ಗದ ಕೋಟೆ ಗೋಡೆ ಹತ್ತಿರ ಹೋಗಿ ನಿಂತು ನೋಡಿ. ಗಾರೆ ಇಲ್ಲದೆ ದೊಡ್ಡ ದೊಡ್ಡ ಕಲ್ಲನ್ನು ಕೆತ್ತಿ ಒಂದಕ್ಕೊಂದು ಕೂರಿಸಿದ ಗೋಡೆಗಳಿವೆ ಅಲ್ಲಿ. ನಮ್ಮ ಇಟ್ಟಿಗೆಗೂ ಗಾರೆ ಇಲ್ಲ, ಕೂರಿಸುವುದರಲ್ಲೇ ಎಲ್ಲಾ ಇರುವುದು. ಹಾಗಾಗಿ ಬದಲಿ ತುಂಡು ಹಾಕುವಾಗ ಮೇಲಿನ ಮತ್ತು ಕೆಳಗಿನ ವರಸೆಯನ್ನು ನೋಡಿಯೇ ಹಾಕಬೇಕು. ನನ್ನ ಹಾಳೆಯಲ್ಲಿ ಇದಕ್ಕೆ ಇನ್ನೊಂದು ಕಾಲಂ ಮಾಡಿದ್ದೇನೆ, ಬದಲಿ ಉಂಟು, ಬದಲಿ ಇಲ್ಲ ಅಂತ. ಗೋಡೆ ಇಟ್ಟಿಗೆಗೆ ಯಾವಾಗಲೂ ಬದಲಿ ಉಂಟು. ಅಚ್ಚು, ಕೀಲು, ಟೈರು, ಇವಕ್ಕೆ ಬದಲಿ ಇಲ್ಲ.

ಇದನ್ನೆಲ್ಲ ಕೈಯಲ್ಲೇ ಮಾಡಬೇಕಾ ಅಂತ ಒಬ್ಬರು ಕೇಳಿದರು. ಬೇಡ. ರೀಬ್ರಿಕಬಲ್ ಅಂತ ಒಂದು ವೆಬ್‌ಸೈಟ್ ಇದೆ, ನಿಮ್ಮ ಹತ್ತಿರ ಇರುವ ಸೆಟ್ ನಂಬರ್ ಅಥವಾ ತುಂಡುಗಳ ಪಟ್ಟಿ ಕೊಟ್ಟರೆ ಯಾವ ಯಾವ ಮಾದರಿ ಕಟ್ಟಬಹುದು, ನೂರಕ್ಕೆ ಎಷ್ಟು ಪಾಲು ತುಂಡು ನಿಮ್ಮಲ್ಲಿದೆ ಅಂತ ಹೇಳುತ್ತದೆ. ಬ್ರಿಕಿಟ್ ಅನ್ನುವ ಆ್ಯಪ್ ಇದೆ, ಇಟ್ಟಿಗೆಗಳನ್ನು ನೆಲದ ಮೇಲೆ ಹರಡಿ ಫೋಟೋ ತೆಗೆದರೆ ಅದೇ ಗುರುತಿಸಿ ಏನು ಮಾಡಬಹುದು ಅಂತ ಸೂಚಿಸುತ್ತದೆ. ಎರಡೂ ಒಳ್ಳೆಯವೇ, ಬಳಸಿ. ಆದರೆ ಆ ಶೇಕಡಾ ಸಂಖ್ಯೆಯನ್ನು ನಂಬಿ ಕೂರಬೇಡಿ. 96 ಅಂತ ತೋರಿಸಿದರೂ ಉಳಿದ ನಾಲ್ಕರಲ್ಲಿ ಅಚ್ಚು ಇದ್ದರೆ ಗಾಡಿ ಓಡುವುದಿಲ್ಲ. ಇನ್ನೊಂದಕ್ಕೆ 80 ತೋರಿಸಬಹುದು, ಇಲ್ಲದಿರುವುದೆಲ್ಲ ಗೋಡೆ ಇಟ್ಟಿಗೆಯ ಬಣ್ಣವೇ ಆಗಿದ್ದರೆ ಬೇರೆ ಬಣ್ಣ ಹಾಕಿ ಸಂಜೆಯೊಳಗೆ ಮುಗಿಸಬಹುದು. ಎಷ್ಟು ಇಲ್ಲ ಅನ್ನುವುದಕ್ಕಿಂತ ಯಾವುದು ಇಲ್ಲ ಅನ್ನುವುದನ್ನು ನೋಡಿ. ಇನ್ನೂ ಒಂದು ಮಾತು: ಪಟ್ಟಿಯಲ್ಲಿ ಮೂವತ್ತು ಮಾದರಿ ಆಗುತ್ತವೆ ಅಂತ ಬಂದರೆ ಮೂವತ್ತೂ ಒಟ್ಟಿಗೆ ಆಗುತ್ತವೆ ಅಂತಲ್ಲ. ಎಲ್ಲಕ್ಕೂ ಅದೇ ಒಂಬತ್ತು ಟೈರು. ಒಟ್ಟಿಗೆ ಯಾವ ಯಾವುದು ನಿಲ್ಲುತ್ತವೆ ಅಂತ ಹುಡುಕುವುದು ನಿಜವಾಗಿ ಕಷ್ಟದ ಲೆಕ್ಕ, ದೊಡ್ಡ ಫ್ಯಾಕ್ಟರಿಗಳಲ್ಲಿ ಅದಕ್ಕೇ ಬೇರೆ ಸಾಫ್ಟ್‌ವೇರ್ ಇಟ್ಟಿರುತ್ತಾರೆ.

ಕೊನೆಗೆ ಕೋಟೆ. ಮಗಳ ಆಸೆ ಮೊದಲಿನಿಂದಲೂ ಅದೇ. ಬೂದು ಬಣ್ಣದ ತುಂಡು ಎಣಿಸಿದರೆ ಏಳು ಸುತ್ತಿನ ಕೋಟೆ ಇರಲಿ, ಒಂದು ಬತೇರಿಯೂ ಸರಿಯಾಗಿ ಆಗುವಷ್ಟಿರಲಿಲ್ಲ. ತಿಳಿ ಬೂದು, ಕಡು ಬೂದು, ಮಣ್ಣಿನ ಬಣ್ಣ, ಕಂದು, ಇಷ್ಟನ್ನೂ ಕಲ್ಲು ಅಂತ ಒಪ್ಪಿಕೊಂಡೆವು. ದುರ್ಗದ ಬಂಡೆಗಳನ್ನು ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ನೋಡಿ, ಒಂದೇ ಬಣ್ಣ ಇರುವುದಿಲ್ಲ. ಆದರೂ ಸಾಲಲಿಲ್ಲ. ಆಗ ಅವಳೇ ಹೇಳಿದಳು, ಪೂರ್ತಿ ಕೋಟೆ ಬೇಡ ಅಮ್ಮಾ, ಓಬವ್ವನ ಕಿಂಡಿ ಸಾಕು.

ಇಲ್ಲಿಂದ ಅರವತ್ತು ಕಿಲೋಮೀಟರ್, ನೀವೆಲ್ಲ ಹೋಗಿರುತ್ತೀರಿ. ಹೈದರಾಲಿಯ ಸೈನಿಕರು ನುಸುಳಿ ಬಂದ ಆ ಸಂದು, ಕಹಳೆ ಮುದ್ದಹನುಮನ ಹೆಂಡತಿ ಒನಕೆ ಹಿಡಿದು ನಿಂತ ಜಾಗ. ಎರಡು ಬಂಡೆ, ನಡುವೆ ಸಂದು, ಅಷ್ಟೇ. 164 ತುಂಡಿನಲ್ಲಿ ಮುಗಿಯಿತು. ಇದೇ ನೋಡಿ ಅದು. ಸಂದು ಎರಡು ಗುಂಡಿ ಅಗಲ ಇಟ್ಟಿದ್ದಾಳೆ, 16 ಮಿಲಿಮೀಟರ್. ಲೆಗೊ ಸೈನಿಕ ನೇರವಾಗಿ ಬರಲು ಆಗುವುದಿಲ್ಲ, ಎರಡು ತೋಳು ತಡೆಯುತ್ತವೆ. ಕೈ ಕೆಳಗಿಳಿಸಿ ಮಗ್ಗುಲಾಗಿ ತಿರುಗಿಸಿದರೆ ಮಾತ್ರ ಬರುತ್ತಾನೆ, ಅದೂ ಒಬ್ಬೊಬ್ಬನೇ. ದುರ್ಗದಲ್ಲಿ ನಾವೂ ಹಾಗೇ ಮೈ ಓರೆ ಮಾಡಿಕೊಂಡೇ ನುಸುಳುವುದಲ್ವಾ.

ಒಂದೇ ಒಂದು ತುಂಡು ಇರಲಿಲ್ಲ. ಒನಕೆ.

ಲೆಗೊ ಮನುಷ್ಯನ ಮುಷ್ಟಿ 3.18 ಮಿಲಿಮೀಟರ್ ಕಡ್ಡಿ ಹಿಡಿಯುವ ಹಾಗೆ ಮಾಡಿದ್ದು. ದುಂಡು 1×1 ಇಟ್ಟಿಗೆ ಜೋಡಿಸಿ ಕೋಲು ಮಾಡಿದರೆ ದಪ್ಪ, ಕೈಗೆ ಕೂರುವುದಿಲ್ಲ. ಊದುಬತ್ತಿ ಕಡ್ಡಿ ಬಹಳ ಸಣ್ಣ, ಜಾರಿ ಬೀಳುತ್ತದೆ. ಲೆಗೊದ್ದೇ ಉದ್ದ ಕಡ್ಡಿ ಬರುತ್ತದೆ, ನಮ್ಮ 2,148ರಲ್ಲಿ ಒಂದೂ ಇಲ್ಲ. ಹಾಗಾಗಿ ನಾನು ಹಾಲ್‌ಗೆ ತಂದ ಓಬವ್ವನ ಕೈ ಖಾಲಿ ಇತ್ತು. ಇದನ್ನು ಹೇಳಿ, ಏನಾದರೂ ಹೊಳೆದರೆ ಹೇಳಿ ಅಂತ ಮಕ್ಕಳನ್ನು ಕೇಳಿದೆ.

ಮೊದಲು ನೂರು ಅಂದಿದ್ದ ಹುಡುಗ ಎದ್ದು ಮುಂದೆ ಬಂದ. ಕಿಸೆಯಿಂದ ಬಾಲ್‌ಪೆನ್ ತೆಗೆದು, ಬಿಚ್ಚಿ, ಖಾಲಿಯಾದ ರೀಫಿಲ್ ಎಳೆದ. "ಮೇಡಂ, ಇದು ಮೂರು ಮಿಲಿಮೀಟರ್ ಇರಬೇಕು." ಕತ್ತರಿ ತಂದು ಓಬವ್ವನಿಗಿಂತ ಒಂದು ಗೇಣು... ಅಂದರೆ ಅವಳ ಅಳತೆಯ ಒಂದು ಗೇಣು ಉದ್ದ ಬಿಟ್ಟು ಕತ್ತರಿಸಿದೆವು. ಸ್ವಲ್ಪ ಸಡಿಲ ಇತ್ತು. ಒಂದು ಸುತ್ತು ಸೆಲ್ಲೋಟೇಪ್ ಸುತ್ತಿದ. ನನ್ನ ಮಗಳು ಅದನ್ನು ಮುಷ್ಟಿಗೆ ಒತ್ತಿದಳು, ಟಕ್ ಅಂತ ಕೂತಿತು. ಆಮೇಲೆ ಇಬ್ಬರೂ ಓಬವ್ವನನ್ನು ಕಿಂಡಿಯ ಬಲಕ್ಕೆ ನಿಲ್ಲಿಸಬೇಕೋ ಎಡಕ್ಕೋ ಅಂತ ಮಾತಾಡಿಕೊಳ್ಳುತ್ತಾ ಮೇಜಿನ ಹತ್ತಿರವೇ ನಿಂತುಬಿಟ್ಟರು.